ಹತ್ತು ಸೆಂಟಿಮೀಟರಿನ ವೃತ್ತ

ತರೀಕೆರೆ ಕಡೆಯ ಹಳ್ಳಿಯೊಂದರಿಂದ ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ ಒಳ್ಳೆಯ ಅಂಕ. ಈಗ ಪಿಸಿಎಂಬಿ. ತ್ರಿಕೋನಮಿತಿಯ ಮೊದಲ ಟೆಸ್ಟಿನಲ್ಲಿ 25ಕ್ಕೆ 4 ಬಂದಿದೆ. ‘ನೋಟ್ಸಿನಲ್ಲಿ ನಲವತ್ತು ಸೂತ್ರ ಇವೆ, ಎಲ್ಲ ಬೈಹಾರ್ಟ್ ಮಾಡಿ ಅಂತಾರೆ. ರಾತ್ರಿ ಬರುತ್ತೆ, ಬೆಳಿಗ್ಗೆ ಇರಲ್ಲ. ಲಂಬಕೋನ ತ್ರಿಭುಜದಲ್ಲಿ 120 ಡಿಗ್ರಿ ಎಲ್ಲಿಂದ ಬಂತು ಅಂತ ಕ್ಲಾಸಿನಲ್ಲಿ ಕೇಳಿದೆ, ಎಲ್ಲರೂ ನಕ್ಕರು. ಆಮೇಲೆ ಏನೂ ಕೇಳಿಲ್ಲ. ಆರ್ಟ್ಸ್‌ಗೆ ಹೋಗಿಬಿಡಲೇ ಸರ್? ತೋಟ, ನೀರು ಅಂತ ಅಪ್ಪ ರಾತ್ರಿಯೆಲ್ಲ ಒದ್ದಾಡುತ್ತಿರುತ್ತಾರೆ, ಅವರಿಗೆ ಇನ್ನೂ ಹೇಳಿಲ್ಲ.’ ಇದು ಪತ್ರದ ಸಾರ.

ತಂಗಿ,

ನಿನ್ನ ಪತ್ರದ ಒಂದು ಸಾಲನ್ನು ನಾಲ್ಕು ಸಲ ಓದಿದೆ. ಲಂಬಕೋನ ತ್ರಿಭುಜದಲ್ಲಿ 120 ಡಿಗ್ರಿ ಎಲ್ಲಿಂದ ಬಂತು ಎಂಬ ಸಾಲು. ಉಳಿದದ್ದೆಲ್ಲ ಆಮೇಲೆ. ನೀನು ಕೇಳಿದ್ದು ಆ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆ. ನಕ್ಕವರಲ್ಲಿ ಎಷ್ಟು ಜನಕ್ಕೆ ಉತ್ತರ ಗೊತ್ತಿತ್ತೋ, ನನಗೆ ಅನುಮಾನವಿದೆ.

ಹತ್ತನೇ ತರಗತಿಯಲ್ಲಿ ನಿನಗೆ ಹೇಳಿಕೊಟ್ಟದ್ದು ಇಷ್ಟು: ಕೋನದ ಎದುರಿಗಿರುವ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್. ತ್ರಿಭುಜದ ಮೂರು ಕೋನ ಸೇರಿ 180. ಒಂದು ಆಗಲೇ 90 ತಿಂದುಬಿಟ್ಟಿದೆ. ಉಳಿದ 90ನ್ನು ಇನ್ನೆರಡು ಹಂಚಿಕೊಳ್ಳಬೇಕು. ಅಲ್ಲಿ 120ಕ್ಕೆ ಜಾಗವೇ ಇಲ್ಲ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಆಗಿರುವುದೇನೆಂದರೆ, ಪಿಯುಸಿಗೆ ಬಂದ ಕೂಡಲೇ ಸೈನ್ ಮನೆ ಬದಲಾಯಿಸಿದೆ. ತ್ರಿಭುಜ ಬಿಟ್ಟು ವೃತ್ತಕ್ಕೆ ಹೋಗಿದೆ. ಪಠ್ಯಪುಸ್ತಕದಲ್ಲಿ ಇದನ್ನು ಹೇಳಿದೆ, ಚಿತ್ರವೂ ಇದೆ. ಆದರೆ ಬಹಳ ಕಾಲೇಜುಗಳಲ್ಲಿ ಅದನ್ನು ಒಂದು ಪೀರಿಯಡ್ಡಿನಲ್ಲಿ ದಾಟಿಸಿ ಸೂತ್ರಗಳ ಪಟ್ಟಿಗೆ ಇಳಿದುಬಿಡುತ್ತಾರೆ. ನೀನು ಹಳೇ ಮನೆಯ ಬಾಗಿಲು ತಟ್ಟುತ್ತಾ ನಿಂತಿದ್ದೀಯ, ಅಷ್ಟೇ.

ಈ ಭಾನುವಾರ ಒಂದು ಕೆಲಸ ಮಾಡು. ಎರಡು ಗ್ರಾಫ್ ಹಾಳೆ ತಂದು ಅಂಟಿಸಿಕೋ, ಒಂದರಲ್ಲಿ ಹಿಡಿಸುವುದಿಲ್ಲ. ನಡುವೆ ಒಂದು ಚುಕ್ಕೆ ಇಟ್ಟು 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆ. ಕೈವಾರ ಅಷ್ಟು ಅಗಲ ತೆರೆಯದಿದ್ದರೆ ಗುಂಡುಪಿನ್ನಿಗೆ ದಾರ ಕಟ್ಟಿದರೂ ಆಯಿತು. ಕೇಂದ್ರದಿಂದ ಬಲಕ್ಕೆ ಒಂದು ಅಡ್ಡಗೆರೆ. ಆ ಗೆರೆಯಿಂದ ಕೋನಮಾಪಕದಲ್ಲಿ 30 ಡಿಗ್ರಿ ಗುರುತು ಮಾಡಿ ತ್ರಿಜ್ಯ ಎಳೆ. ಅದು ವೃತ್ತವನ್ನು ಮುಟ್ಟಿದ ಬಿಂದು ಅಡ್ಡಗೆರೆಯಿಂದ ಎಷ್ಟು ಎತ್ತರದಲ್ಲಿದೆ, ಚೌಕ ಎಣಿಸು. 5 ಸೆಂಟಿಮೀಟರ್ ಬರುತ್ತದೆ. ಹತ್ತರಿಂದ ಭಾಗಿಸು: ಅರ್ಧ. ಇದೇ ಸೈನ್ 30. ಹಾಗೆಯೇ 37 ಡಿಗ್ರಿಗೆ ಎತ್ತರ ಹೆಚ್ಚುಕಡಿಮೆ 6, 45ಕ್ಕೆ 7ರ ಮೇಲೆ ಒಂದು ಕೂದಲೆಳೆ, 60ಕ್ಕೆ 8.7ಕ್ಕೆ ತೀರಾ ಹತ್ತಿರ, 90ಕ್ಕೆ ಪೂರ್ತಿ 10. ಇಲ್ಲಿಯವರೆಗೂ ಒಳಗೆ ನಿನ್ನ ಹಳೆಯ ಲಂಬಕೋನ ತ್ರಿಭುಜ ಕೂತೇ ಇದೆ ನೋಡು. ತ್ರಿಜ್ಯವೇ ವಿಕರ್ಣ, ಎತ್ತರವೇ ಅಭಿಮುಖ ಬಾಹು.

ಈಗ ನಿಲ್ಲಿಸಬೇಡ. ತ್ರಿಜ್ಯವನ್ನು ಇನ್ನೂ ತಿರುಗಿಸು. 120ಕ್ಕೆ ಬಂದಾಗ ಬಿಂದು ಎಡಗಡೆಗೆ ಇಳಿಯತೊಡಗಿದೆ, ಎತ್ತರ ಮತ್ತೆ 60ಕ್ಕೆ ಬಂದಷ್ಟೇ. 150ಕ್ಕೆ ಮತ್ತೆ 5. 180ಕ್ಕೆ ಸೊನ್ನೆ. 210ಕ್ಕೆ ಗೆರೆಯ ಕೆಳಗೆ 5, ಅಂದರೆ ಮೈನಸ್ ಅರ್ಧ. ಕಾಲೇಜಿನಲ್ಲಿ ಸೈನ್ ಅಂದರೆ ಎತ್ತರ, ಕೊಸೈನ್ ಅಂದರೆ ಅಡ್ಡ ದೂರ. ಇಷ್ಟು ಕೈಗೆ ಹತ್ತಿದರೆ ‘ಆಲ್ ಸಿಲ್ವರ್ ಟೀ ಕಪ್ಸ್’ ಎಂದು ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಯಾವ ಕಾಲುಭಾಗದಲ್ಲಿ ಯಾವುದು ಪ್ಲಸ್ಸು, ಯಾವುದು ಮೈನಸ್ಸು ಎಂದು ವೃತ್ತವೇ ಹೇಳುತ್ತದೆ. ಬಿಂದು ಅಡ್ಡಗೆರೆಗಿಂತ ಮೇಲಿದ್ದರೆ ಸೈನ್ ಪ್ಲಸ್, ಬಲಕ್ಕಿದ್ದರೆ ಕೊಸೈನ್ ಪ್ಲಸ್.

ಅದೇ ವೃತ್ತದ ಮೇಲೆ ಇನ್ನೊಂದು ಆಟ. 10 ಸೆಂಟಿಮೀಟರಿನ ದಾರ ಕತ್ತರಿಸಿ ವೃತ್ತದ ಅಂಚಿಗೆ ಬಗ್ಗಿಸಿ ಇಡು. ಅದು ಆಕ್ರಮಿಸಿದ ಕೋನ ಅಳೆದರೆ 57 ಡಿಗ್ರಿ ಮತ್ತು ಸ್ವಲ್ಪ. ಅದೇ ಒಂದು ರೇಡಿಯನ್. ಸುತ್ತಲೂ ಅಂಥ ಆರು ದಾರ ಪೂರ್ತಿ ಹಿಡಿದು ಇನ್ನೂ 2.8 ಸೆಂಟಿಮೀಟರ್ ಜಾಗ ಉಳಿಯುತ್ತದೆ, ಅಂದರೆ 6.28, ಅಂದರೆ ಎರಡು ಪೈ. ರೇಡಿಯನ್ ಎಂದರೆ ಪೈ ಹಾಕಿ ಬರೆಯುವ ಡಿಗ್ರಿ ಎಂದುಕೊಂಡವರು ಡಿಗ್ರಿ ಕಾಲೇಜಿಗೆ ಹೋದ ಮೇಲೂ ಇದ್ದಾರೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದಾಗ ಸೈನ್ 30 ಒತ್ತಿ, ಮೈನಸ್ 0.988 ಬಂತಲ್ಲ ಎಂದು ಗಾಬರಿಯಾಗುವವರು ಇವರೇ.

ಆ 57 ಡಿಗ್ರಿ ಮತ್ತು ಸ್ವಲ್ಪವನ್ನು ಕಲೆಗಳಿಗೆ, ಅಂದರೆ ಡಿಗ್ರಿಯ ಅರವತ್ತನೇ ಭಾಗಗಳಿಗೆ, ಬದಲಾಯಿಸಿದರೆ 3438 ಬರುತ್ತದೆ. ಈ ಅಂಕಿ ಹಳೆಯದು. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಕೊಟ್ಟ ಸೈನ್ ಕೋಷ್ಟಕ ನಿಂತಿರುವುದು ಇದೇ ತ್ರಿಜ್ಯದ ಮೇಲೆ. ವೃತ್ತದ ಸುತ್ತಳತೆ 21600 ಕಲೆ, ತ್ರಿಜ್ಯ 3438, ಕಾಲು ವೃತ್ತಕ್ಕೆ 24 ಬೆಲೆಗಳು, 3 ಡಿಗ್ರಿ 45 ಕಲೆಗೊಂದರಂತೆ. 30 ಡಿಗ್ರಿಗೆ ಅಲ್ಲಿ 1719 ಬರುತ್ತದೆ, 3438ರ ಸರಿಯಾಗಿ ಅರ್ಧ. ನಿನ್ನ ಗ್ರಾಫಿನಲ್ಲಿ 10ಕ್ಕೆ 5 ಬಂದ ಹಾಗೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದದ್ದೇ ತಪ್ಪಾಯಿತೇನೋ ಎಂಬ ಅಳುಕು ನಿನ್ನ ಪತ್ರದಲ್ಲಿದೆ. ನೀನು ಹೈಸ್ಕೂಲಿನಲ್ಲಿ ಓದಿದ ‘ಜ್ಯಾ’ ನೆನಪಿದೆಯಲ್ಲ, ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ? ಜ್ಯಾ ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವೇ ಬಿಲ್ಲು. ಅರ್ಧ ಹೆದೆಯನ್ನು ಹಿಂದಿನವರು ಅರ್ಧಜ್ಯಾ ಎಂದರು, ಆಮೇಲೆ ಬರೀ ಜ್ಯಾ ಎಂದೇ ಕರೆದರು. ನೀನು ಅಳೆದ ಎತ್ತರ ಅದೇ. ಜ್ಯಾಗೆ ಜೀವಾ ಎಂಬ ಇನ್ನೊಂದು ರೂಪವೂ ಇತ್ತು. ಅದು ಅರಬ್ಬಿಗೆ ‘ಜೀಬ’ ಆಗಿ ಹೋಯಿತು. ಅರಬ್ಬಿಯಲ್ಲಿ ಸ್ವರ ಬರೆಯುವ ರೂಢಿ ಕಡಿಮೆ, ಹಾಗಾಗಿ ಓದುವವರು ಅದನ್ನು ‘ಜೈಬ್’ ಎಂದು ಓದಿದರು. ಜೈಬ್ ಅಂದರೆ ಬಟ್ಟೆಯ ಮಡಿಕೆ, ಎದೆಯ ಬಳಿಯ ಚೀಲ. 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ತರುವಾಗ ಅದೇ ಅರ್ಥ ಹಿಡಿದು ‘ಸೈನಸ್’ ಎಂದರು. ಅದೇ ಸೈನ್ ಆಯಿತು. ನಮ್ಮ ‘ಜೇಬು’ ಬಂದದ್ದೂ ಆ ಜೈಬ್‌ನಿಂದಲೇ, ಪಾರ್ಸಿಯ ದಾರಿಯಾಗಿ. ಇನ್ನು ತ್ರಿಜ್ಯ: ಮೂರು ರಾಶಿಗಳ ಜ್ಯಾ. ಒಂದು ರಾಶಿ 30 ಡಿಗ್ರಿ, ಮೂರು ರಾಶಿ 90. ತೊಂಬತ್ತು ಡಿಗ್ರಿಯ ಸೈನ್ ಪೂರ್ತಿ ತ್ರಿಜ್ಯದಷ್ಟೇ ಎಂದು ನೀನು ಗ್ರಾಫಿನಲ್ಲಿ ಕಂಡುಕೊಂಡದ್ದು ಆ ಪದದಲ್ಲೇ ಅಡಗಿದೆ. ‘ರೇಡಿಯಸ್’ ಎಂಬ ಪದದಲ್ಲಿ ಈ ಸುಳಿವಿಲ್ಲ. ನೀನು ಬರಿಗೈಯಲ್ಲಿ ಕಾಲೇಜಿಗೆ ಹೋಗಿಲ್ಲ, ತಂಗಿ.

ಹಾಗಂತ ಭಾಷೆಯ ತೊಡಕು ಸುಳ್ಳಲ್ಲ. ನಾನೂ ಕನ್ನಡ ಮಾಧ್ಯಮದವನು. ನಮ್ಮ ಕಾಲೇಜಿನಲ್ಲಿ ಮೊದಲ ದಿನವೇ ನಮ್ಮನ್ನು ಕೈ ಎತ್ತಿಸಿ ಎಣಿಸಿದ್ದರು, ಆಮೇಲೆ ಆ ವರ್ಷವಿಡೀ ನಮ್ಮ ಕಡೆ ತಿರುಗಿ ನೋಡಲಿಲ್ಲ. ಐಡೆಂಟಿಟಿ ಎಂದರೆ ನನಗೆ ಗೊತ್ತಿದ್ದ ನಿತ್ಯಸಮೀಕರಣವೇ ಎಂದು ತಿಳಿಯುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಆ ನಾಲ್ಕು ತಿಂಗಳು ಹೇಗೆ ಕಳೆದೆ ಎಂಬುದು ಈಗಲೂ ನೆನಪಿದೆ, ಅದಕ್ಕೇ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ಹತ್ತನೇ ತರಗತಿಯ ಗಣಿತ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಯಾರಿಂದಲಾದರೂ ತರಿಸಿಕೊಂಡು ನಿನ್ನ ಕನ್ನಡ ಪುಸ್ತಕದ ಪಕ್ಕಕ್ಕಿಡು. ಪಾಠ ಎರಡರಲ್ಲೂ ಒಂದೇ. ‘ತ್ರಿಕೋನಮಿತಿಯ ಪ್ರಸ್ತಾವನೆ’ಯನ್ನು ಸಾಲಿಗೆ ಸಾಲು ಎರಡರಲ್ಲೂ ಓದು. ಗೊತ್ತಿರುವ ಲೆಕ್ಕವನ್ನೇ ಗೊತ್ತಿಲ್ಲದ ಭಾಷೆಯಲ್ಲಿ ಓದುವುದರಿಂದ ಭಾಷೆ ಮಾತ್ರ ಕಲಿತರೆ ಸಾಕು, ಲೆಕ್ಕದ ಭಾರ ಇರುವುದಿಲ್ಲ. ಎರಡು ವಾರದ ಕೆಲಸ.

ಇನ್ನು ನಲವತ್ತು ಸೂತ್ರಗಳ ಮಾತು. ಕೆಲವನ್ನು ಬಾಯಿಪಾಠ ಮಾಡಲೇಬೇಕು, ಅದರಲ್ಲಿ ಮುಚ್ಚುಮರೆ ಬೇಡ. ಆದರೆ ನಲವತ್ತಲ್ಲ. ಸೈನ್ ವರ್ಗ, ಕೊಸೈನ್ ವರ್ಗ ಕೂಡಿದರೆ ಒಂದು. ಇದು ಪೈಥಾಗೊರಸ್ ಪ್ರಮೇಯವೇ, ನಿನ್ನ ವೃತ್ತದೊಳಗಿನ ತ್ರಿಭುಜದಲ್ಲಿ ಕಣ್ಣಿಗೆ ಕಾಣುತ್ತದೆ. ಇದನ್ನು ಕೊಸೈನ್ ವರ್ಗದಿಂದ ಭಾಗಿಸಿದರೆ ಟ್ಯಾನ್ ಮತ್ತು ಸೆಕ್‌ನ ಸೂತ್ರ, ಸೈನ್ ವರ್ಗದಿಂದ ಭಾಗಿಸಿದರೆ ಕಾಟ್ ಮತ್ತು ಕೊಸೆಕ್‌ನದ್ದು. ಆಮೇಲೆ ಎರಡು ಕೋನ ಕೂಡಿದಾಗಿನ ಸೈನ್, ಎರಡು ಕೋನ ಕೂಡಿದಾಗಿನ ಕೊಸೈನ್, ಇವೆರಡನ್ನು ಬಾಯಲ್ಲಿ ಇಟ್ಟುಕೋ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯ ಜ್ಯೋತ್ಪತ್ತಿ ಭಾಗದಲ್ಲಿ ಜ್ಯಾಗಳನ್ನು ಕೂಡಿಸುವ ಈ ನಿಯಮ ಕೊಟ್ಟಿದ್ದಾರೆ. ಇವೆರಡು ಇದ್ದರೆ ಎರಡನೇ ಕೋನಕ್ಕೆ ಮೈನಸ್ ಹಾಕಿದಾಗ ಕಳೆಯುವ ಸೂತ್ರ, ಎರಡೂ ಕೋನ ಒಂದೇ ಆದಾಗ ಇಮ್ಮಡಿ ಕೋನದ ಸೂತ್ರ, ಅದಕ್ಕೆ ಇನ್ನೊಂದು ಕೋನ ಸೇರಿಸಿದರೆ ಮುಮ್ಮಡಿ ಕೋನದ್ದು. ಕೂಡುವ ಸೂತ್ರವನ್ನೂ ಕಳೆಯುವ ಸೂತ್ರವನ್ನೂ ಸೇರಿಸಿದರೆ ಗುಣಾಕಾರವನ್ನು ಸಂಕಲನ ಮಾಡುವ ಸೂತ್ರಗಳು. ಒಂದು ರಫ್ ಹಾಳೆಯಲ್ಲಿ ದಿನಕ್ಕೊಂದು ಸಲ, ಪುಸ್ತಕ ಮುಚ್ಚಿ, ಈ ಮೂರರಿಂದ ಉಳಿದದ್ದೆಲ್ಲ ಹುಟ್ಟಿಸು. ಮೊದಲ ದಿನ ಒಂದು ಗಂಟೆ ಹಿಡಿಯಬಹುದು. ಹತ್ತನೇ ದಿನಕ್ಕೆ ಹದಿನೈದು ನಿಮಿಷ ಸಾಕಾಗುತ್ತದೆ. ಪರೀಕ್ಷೆಯಲ್ಲಿ ಒಂದು ಮರೆತರೆ ಮಾರ್ಜಿನ್ನಿನಲ್ಲಿ ಮತ್ತೆ ಹುಟ್ಟಿಸಿಕೊಳ್ಳಬಹುದು. ಉರು ಹೊಡೆದದ್ದು ಮರೆತರೆ ಕೈಗೆ ಏನೂ ಸಿಗುವುದಿಲ್ಲ.

ನೀನು ಕಳಿಸಿದ ಉತ್ತರಪತ್ರಿಕೆಯ ಫೋಟೊ ನೋಡಿದೆ. ಮೂರು ಕಡೆ ಒಂದೇ ತಪ್ಪು. 30 ಮತ್ತು 60 ಕೂಡಿದ ಕೋನದ ಸೈನ್ ಕೇಳಿದರೆ, ಎರಡರ ಸೈನ್ ಬೇರೆ ಬೇರೆ ತೆಗೆದು ಕೂಡಿದ್ದೀಯ. 0.5ಕ್ಕೆ 0.866 ಸೇರಿಸಿದರೆ 1.366. ನಿನ್ನ ವೃತ್ತದ ಮುಂದೆ ಕೂತು ಇದನ್ನು ನೋಡು. 10 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ 13.66 ಎತ್ತರದ ಬಿಂದು ಎಲ್ಲಿರುತ್ತದೆ? ಹಾಳೆಯಲ್ಲಿ ವೃತ್ತದ ಹೊರಗೆ! ಈ ತಪ್ಪು ನೀನು ಇನ್ನೊಮ್ಮೆ ಮಾಡಲಾರೆ ಎಂದು ನನಗೆ ನಂಬಿಕೆ.

ಇದೆಲ್ಲ ಯಾಕೆ ಓದಬೇಕು ಎಂದು ನೀನು ಕೇಳಿಲ್ಲ. ಆದರೆ ಅಪ್ಪ ರಾತ್ರಿಯೆಲ್ಲ ಒದ್ದಾಡುತ್ತಾರೆ ಎಂದು ಬರೆದಿದ್ದೀಯ. ತೋಟದ ಮೋಟರಿಗೆ ತ್ರೀ ಫೇಸ್ ಕರೆಂಟ್ ಕಾಯುವುದೇ ಇರಬೇಕು. ಆ ಮೂರು ಫೇಸುಗಳು ಒಂದಕ್ಕೊಂದು 120 ಡಿಗ್ರಿ ದೂರ ಇರುತ್ತವೆ. ಕ್ಲಾಸಿನಲ್ಲಿ ನಿನ್ನನ್ನು ನಗೆಪಾಟಲು ಮಾಡಿದ ಅದೇ 120. ನಿನ್ನ ವೃತ್ತದಲ್ಲಿ ಸೊನ್ನೆ ಡಿಗ್ರಿಯ ಬಿಂದು, 120ರ ಬಿಂದು ಎರಡನ್ನೂ ಸೇರಿಸುವ ಜ್ಯಾ ಎಳೆದು ಅಳೆ. 17.3 ಸೆಂಟಿಮೀಟರ್. ತ್ರಿಜ್ಯ ಹತ್ತಾದರೆ ಜ್ಯಾ 17.3. ಮನೆಯ ಸ್ವಿಚ್ಚಿಗೆ ಬರುವ ಒಂದು ಫೇಸಿನ 230 ವೋಲ್ಟನ್ನು 1.73ರಿಂದ ಗುಣಿಸಿದರೆ 398. ಎರಡು ಫೇಸುಗಳ ನಡುವಿನ ವೋಲ್ಟೇಜ್ ಅದು, ಲೆಕ್ಕಕ್ಕೆ 400 ಎನ್ನುತ್ತಾರೆ, ಊರಿನ ಬಾಯಿಮಾತಿನಲ್ಲಿ 440. ಎಲೆಕ್ಟ್ರಿಷಿಯನ್ನುಗಳ ಬಾಯಲ್ಲಿರುವ ‘ರೂಟ್ ತ್ರೀ’ ಇದೇ, ಸೈನ್ 60ರ ಎರಡರಷ್ಟು. ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರ ಹೋಗಿ ಏನನ್ನೂ ಮುಟ್ಟಬೇಡ, ಲೆಕ್ಕ ಹಾಳೆಯ ಮೇಲೆ ಸಾಕು.

ಭೌತಶಾಸ್ತ್ರದವರು ಗಣಿತದವರ ಮೇಲೆ, ಗಣಿತದವರು ಭೌತಶಾಸ್ತ್ರದವರ ಮೇಲೆ ಹಾಕುವ ವಿಷಯವನ್ನೂ ಬಲ್ಲೆ. ಎಸೆದ ಚೆಂಡಿನ ಪಾಠಕ್ಕೆ ಸೈನ್, ಕೊಸೈನ್ ಬೇಕೇಬೇಕು, ಗಣಿತದಲ್ಲಿ ಆ ಪಾಠ ಮುಗಿದಿರಲಿ ಬಿಡಲಿ. ಈ ಅಂಕಣ ಓದುವ ಉಪನ್ಯಾಸಕರಲ್ಲಿ ಒಂದು ವಿನಂತಿ: ಸೇರಿದ ಮೊದಲ ವಾರದಲ್ಲಿ ಎರಡು ಪೀರಿಯಡ್ ವೃತ್ತ ಎಳೆಸಿ. ಪ್ರಶ್ನೆ ಕೇಳಿದ ಮಗುವಿಗೆ ಯಾರಾದರೂ ನಕ್ಕರೆ, ನಕ್ಕವರನ್ನೇ ಬೋರ್ಡಿಗೆ ಕರೆದು ಉತ್ತರ ಹೇಳಿಸಿ.

ಆರ್ಟ್ಸ್ ವಿಚಾರ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನಿನಗೆ ಇಷ್ಟವಿದ್ದರೆ ಖಂಡಿತ ಹೋಗು, ಅದು ಕೆಳಗಿನ ಮೆಟ್ಟಿಲಲ್ಲ. ಆದರೆ ಎರಡು ಪುಟದ ಪತ್ರದಲ್ಲಿ ಅವುಗಳ ಹೆಸರೇ ಇಲ್ಲ. 25ಕ್ಕೆ 4 ಬಂದದ್ದಷ್ಟೇ ಇದೆ. ಒಂದು ಟೆಸ್ಟಿನ ಅಂಕ ನೋಡಿ ಕಾಂಬಿನೇಷನ್ ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ತಿಂಗಳು ಕೊಡು. ಕಾಲೇಜಿನಲ್ಲಿ ಬದಲಾವಣೆಗೆ ಕೊನೆಯ ದಿನ ಯಾವುದು ಎಂದು ಆಫೀಸಿನಲ್ಲಿ ನಾಳೆಯೇ ಕೇಳಿ ತಿಳಿದುಕೊಂಡಿರು, ತಿಂಗಳ ಲೆಕ್ಕ ಅದಕ್ಕೆ ಹೊಂದಿಸಿಕೋ. ಅಪ್ಪನಿಗೂ ಹೇಳು. ಟೆಸ್ಟಿನ ಅಂಕ ಹೇಳುವ ಮೊದಲು ಆ ಗ್ರಾಫ್ ಹಾಳೆ ತೋರಿಸಿ, ತ್ರೀ ಫೇಸ್ ಹೇಗೆ ಎಂದು ವಿವರಿಸು.

ಭಾನುವಾರ ವೃತ್ತ ಎಳೆದ ಮೇಲೆ 75 ಡಿಗ್ರಿಯ ಎತ್ತರವನ್ನೂ ಅಳೆ. ಆಮೇಲೆ 45 ಮತ್ತು 30 ಕೂಡಿಸಿ ಸೂತ್ರದಿಂದ ಲೆಕ್ಕ ಮಾಡು. ಎರಡೂ ಅಂಕಿ ಎಷ್ಟು ಬಂದವು, ಎಷ್ಟು ಮಿಲಿಮೀಟರ್ ವ್ಯತ್ಯಾಸ ಉಳಿಯಿತು, ಒಂದು ಕಾರ್ಡಿನಲ್ಲಿ ಬರೆದು ಕಳಿಸು. ಕಾಯುತ್ತಿರುತ್ತೇನೆ.

— ಸಂಪಾದಕ