ಹಳದಿ ಚೌಕಟ್ಟು ಯಾರದು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಸಾಕ್ಷ್ಯಚಿತ್ರಗಳ ಕುರಿತ ಲೇಖನವನ್ನು ಓದಿ ಸಾಗರದಿಂದ ನೀವು ಬರೆದ ಪತ್ರ ತಲುಪಿದೆ. ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯನ್ನು ಅಮೆರಿಕದ ವಿಜ್ಞಾನಾಸಕ್ತರ ಸಂಘವೊಂದು ಲಾಭದ ಆಸೆಯಿಲ್ಲದೆ ನಡೆಸುತ್ತಿದೆಯೆಂದು ನಿವೃತ್ತರಾಗುವವರೆಗೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದಿರೆಂದೂ, ಈಗ ನಿಮ್ಮ ಮೊಮ್ಮಗ ಅದು ಡಿಸ್ನಿಯದು ಎನ್ನುತ್ತಾನೆಂದೂ, ಕೇಬಲ್ ಹಣ ವಸೂಲಿಗೆ ಬರುವ ಹುಡುಗ ಅದೀಗ ಜಿಯೋದವರದ್ದು ಎನ್ನುತ್ತಾನೆಂದೂ ಬರೆದು, ಮೂವರಲ್ಲಿ ಯಾರ ಮಾತು ಸರಿಯೆಂದು ಕೇಳಿದ್ದೀರಿ. ಒಡೆಯರು ಬದಲಾಗಿರುವುದು ನಿಜವಾದರೆ ಅದರಲ್ಲಿ ಬರುವುದನ್ನು ಮೊದಲಿನಷ್ಟೇ ನಂಬಬಹುದೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಮೂವರ ಮಾತಿನಲ್ಲೂ ಒಂದೊಂದು ಪಾಲು ಸತ್ಯವಿದೆ. ಹೆಸರು ಮತ್ತು ಅದರ ಗುರುತಾದ ಹಳದಿ ಚೌಕಟ್ಟು ಒಬ್ಬರದು, ಆ ಹೆಸರಿನಲ್ಲಿ ವ್ಯಾಪಾರ ಮಾಡುವ ಕಂಪನಿಯ ದೊಡ್ಡ ಪಾಲು ಇನ್ನೊಬ್ಬರದು, ಭಾರತದಲ್ಲಿ ವಾಹಿನಿಯನ್ನು ನಡೆಸುವವರು ಮತ್ತೊಬ್ಬರು. ಆದರೆ ನಿಮ್ಮ ನಂಬಿಕೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದೇ ಹೆಸರಿನ ಪತ್ರಿಕೆಯ ಮಟ್ಟಿಗೆ ಅದು 2015ರವರೆಗೂ ಸರಿಯಾಗಿತ್ತು. ವಾಹಿನಿಯ ಮಟ್ಟಿಗೆ ಎಂದೂ ಪೂರ್ತಿ ಸರಿಯಾಗಿರಲಿಲ್ಲ.

ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಹುಟ್ಟಿದ್ದು 1888ರ ಜನವರಿಯಲ್ಲಿ, ವಾಷಿಂಗ್ಟನ್‌ನ ಕಾಸ್ಮೋಸ್ ಕ್ಲಬ್ಬಿನಲ್ಲಿ ಸೇರಿದ 33 ಮಂದಿಯಿಂದ. ಅವರಲ್ಲಿ ಭೂವಿಜ್ಞಾನಿಗಳು, ನಕ್ಷೆ ತಯಾರಿಸುವವರು, ಸೇನಾಧಿಕಾರಿಗಳು, ಹಣವಂತ ಹವ್ಯಾಸಿಗಳು ಎಲ್ಲರೂ ಇದ್ದರು. ಮೊದಲ ಅಧ್ಯಕ್ಷ ಗಾರ್ಡಿನರ್ ಹಬರ್ಡ್ ವಕೀಲರು. ಅವರ ನಂತರ ಆ ಸ್ಥಾನಕ್ಕೆ ಬಂದವರು ಅವರ ಅಳಿಯ, ದೂರವಾಣಿಯ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. 1888ರಲ್ಲೇ ಆರಂಭವಾದ ಪತ್ರಿಕೆ ಮೊದಲ ಹತ್ತು ವರ್ಷ ಓದಲಾಗದಷ್ಟು ಒಣಗಿತ್ತು. 1899ರಲ್ಲಿ ಬೆಲ್ ನೇಮಿಸಿಕೊಂಡ ತರುಣ ಗಿಲ್ಬರ್ಟ್ ಗ್ರೋವ್ನರ್, ಮುಂದೆ ಬೆಲ್ ಅವರ ಅಳಿಯನೂ ಆದವರು, ಅದರ ಚಹರೆಯನ್ನೇ ಬದಲಿಸಿದರು. 1905ರ ಜನವರಿ ಸಂಚಿಕೆ ಅಚ್ಚಿಗೆ ಹೋಗಬೇಕಾದ ಹೊತ್ತಿಗೆ ಅವರ ಬಳಿ 11 ಪುಟಗಳಿಗೆ ಬರಹವೇ ಇರಲಿಲ್ಲ. ರಷ್ಯದ ಭೂಗೋಳ ಸಂಘದ ಅನ್ವೇಷಕರು ಲ್ಹಾಸಾದಲ್ಲಿ ತೆಗೆದ ಛಾಯಾಚಿತ್ರಗಳ ಲಕೋಟೆಯೊಂದು ಮೇಜಿನ ಮೇಲಿತ್ತು. ಪುಟ ತುಂಬಿಸಲು ಅವನ್ನೇ ಹಾಕಿ, ಕೆಲಸ ಹೋದೀತೆಂಬ ಭಯದಲ್ಲಿ ಕಾದರು. ಆದದ್ದು ತದ್ವಿರುದ್ಧ, ದಾರಿಯಲ್ಲಿ ಸಿಕ್ಕವರೆಲ್ಲ ಅಭಿನಂದಿಸಿದರಂತೆ. ಪುಟ ತುಂಬದ ಸಂಕಟ ಏನೆಂದು ಬಲ್ಲ ಸಂಪಾದಕರೆಲ್ಲರಿಗೂ ಈ ಪ್ರಸಂಗ ಇಷ್ಟವಾಗಲು ಬೇರೆ ಕಾರಣ ಬೇಕಿಲ್ಲ. ಹಳದಿ ಚೌಕಟ್ಟು ಮುಖಪುಟಕ್ಕೆ ಬಂದದ್ದು 1910ರಲ್ಲಿ.

ಈ ಹಳೆಯ ಕತೆ ಇಲ್ಲಿ ಬೇಕಾಗಿರುವುದು ಏಕೆಂದರೆ, ನಿಮ್ಮ ಪ್ರಶ್ನೆಯ ಹಿಂದಿರುವ ವಿಶ್ವಾಸವನ್ನು ಕಟ್ಟಿದ್ದು ವಾಹಿನಿಯಲ್ಲ, ಸೊಸೈಟಿ ಮತ್ತು ಅದರ ಪತ್ರಿಕೆ. ಚಂದಾ ಕಟ್ಟಿದವರನ್ನು ಅದು ‘ಸದಸ್ಯ’ರೆಂದು ಕರೆಯಿತು. ಅವರಿಂದ ಬಂದ ಹಣದಿಂದ ಅನ್ವೇಷಣೆಗಳಿಗೆ ಅನುದಾನ ಕೊಟ್ಟಿತು. ಟಾಂಜಾನಿಯಾದಲ್ಲಿ ಆದಿಮಾನವನ ಮೂಳೆಗಳನ್ನು ಅಗೆದು ತೆಗೆದ ಲೀಕಿ ದಂಪತಿಗೂ, ಅದೇ ದೇಶದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳ ಜೊತೆ ಕುಳಿತ ಜೇನ್ ಗುಡಾಲ್‌ಗೂ ನೆರವು ಸಿಕ್ಕಿದ್ದು ಹೀಗೆ. 1980ರ ದಶಕದ ಕೊನೆಗೆ ಅಮೆರಿಕದಲ್ಲೇ ಈ ಪತ್ರಿಕೆಯ ಪ್ರಸಾರ ಕೋಟಿ ದಾಟಿತ್ತು.

ದೂರದರ್ಶನಕ್ಕೆ ಸೊಸೈಟಿ ಕಾಲಿಟ್ಟದ್ದು 1965ರ ಸೆಪ್ಟೆಂಬರಿನಲ್ಲಿ, ಅಮೆರಿಕನ್ನರ ಎವರೆಸ್ಟ್ ಆರೋಹಣದ ಕುರಿತ ಒಂದು ಗಂಟೆಯ ಕಾರ್ಯಕ್ರಮದೊಂದಿಗೆ. ಅದು ಪ್ರಸಾರವಾದದ್ದು ಸಿಬಿಎಸ್ ಎಂಬ ಖಾಸಗಿ ಜಾಲದಲ್ಲಿ. ಅಂದರೆ ಮೊದಲ ದಿನದಿಂದಲೂ ಚಿತ್ರ ಸೊಸೈಟಿಯದು, ಪ್ರಸಾರದ ವ್ಯವಸ್ಥೆ ಮತ್ತೊಬ್ಬರದು. 1975ರಲ್ಲಿ ಈ ವಿಶೇಷ ಕಾರ್ಯಕ್ರಮಗಳು ಅಮೆರಿಕದ ಸಾರ್ವಜನಿಕ ಪ್ರಸಾರ ಜಾಲವಾದ ಪಿಬಿಎಸ್‌ಗೆ ಹೋದವು. ನಿಮ್ಮ ಕಾಲದವರು ಹಾಗೂ ನನ್ನ ಕಾಲದವರು ಈ ಘಟ್ಟವನ್ನು ಸುವರ್ಣಯುಗವೆಂದು ನೆನೆಯುವುದುಂಟು. ಆದರೆ ಆ ಸುವರ್ಣಯುಗದ ಪ್ರಾಯೋಜಕರು ಗಲ್ಫ್ ಆಯಿಲ್. ಆ ಕಂಪನಿ 1980ರ ದಶಕದಲ್ಲಿ ಷೆವ್ರಾನ್‌ನಲ್ಲಿ ವಿಲೀನವಾದ ಮೇಲೆ ಷೆವ್ರಾನ್. ಸಮುದ್ರ ಜೀವಿಗಳ ಬಗ್ಗೆ ಅತ್ಯುತ್ತಮ ಚಿತ್ರಗಳನ್ನು ಜನ ನೋಡಿದ್ದು ತೈಲ ಕಂಪನಿಯ ಹಣದಲ್ಲಿ. ಇದನ್ನು ಹೇಳುವುದರಿಂದ ಆ ಚಿತ್ರಗಳ ಬೆಲೆ ಕಡಿಮೆಯಾಗುವುದಿಲ್ಲ. ಕಲ್ಮಷವಿಲ್ಲದ ಹಣದಿಂದ ನಡೆದ ಕಾಲವೊಂದಿತ್ತು, ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಬಂದು ಅದನ್ನು ಕೆಡಿಸಿದರು ಎಂಬ ಸರಳ ಕತೆಯನ್ನು ಮಾತ್ರ ನಾನು ಒಪ್ಪಲಾರೆ.

ಇಪ್ಪತ್ತನಾಲ್ಕು ಗಂಟೆಯ ಸ್ವಂತ ವಾಹಿನಿಯ ಯೋಚನೆ ಬಂದದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಡಿಸ್ಕವರಿ ಮುಂದೆ ಓಡಿಯಾಗಿತ್ತು. ಜಾನ್ ಹೆಂಡ್ರಿಕ್ಸ್ ಎಂಬ ಉದ್ಯಮಿ 1985ರ ಜೂನ್ 17ರಂದು ಆರಂಭಿಸಿದ ಆ ವಾಹಿನಿಯ ಹಿಂದೆ ಯಾವ ಸಂಘವೂ ಇರಲಿಲ್ಲ. ಹಣ ಮುಗಿಯುತ್ತ ಬಂದಾಗ ಮರುವರ್ಷ ಅಮೆರಿಕದ ನಾಲ್ಕು ಕೇಬಲ್ ಕಂಪನಿಗಳು ಪಾಲು ಕೊಂಡು ಅದನ್ನು ಉಳಿಸಿದವು. ಕೇಬಲ್ ಎಳೆದವರೇ ಚಾನೆಲ್ಲಿನ ಪಾಲುದಾರರಾದ್ದರಿಂದ ಮನೆಮನೆಗೆ ತಲುಪುವುದು ಅದಕ್ಕೆ ಕಷ್ಟವಾಗಲಿಲ್ಲ. 1995ರಲ್ಲೇ ಅದು ಭಾರತಕ್ಕೂ ಬಂತು. ಸೊಸೈಟಿಯ ಬಳಿ ಹೆಸರು, ಚಿತ್ರಭಂಡಾರ, ಅನ್ವೇಷಕರು ಎಲ್ಲವೂ ಇದ್ದವು, ಕೇಬಲ್ ಇರಲಿಲ್ಲ, ಉಪಗ್ರಹವೂ ಇರಲಿಲ್ಲ. ಲಾಭರಹಿತ ಸಂಸ್ಥೆಯೊಂದು ಅಂಥ ಬಂಡವಾಳವನ್ನು ತನ್ನ ಗಂಟಿನಿಂದ ಹೂಡುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಟಿವಿ ವಿಭಾಗವನ್ನು ತೆರಿಗೆ ಕಟ್ಟುವ, ಲಾಭಕ್ಕಾಗಿ ನಡೆಯುವ ಅಂಗಸಂಸ್ಥೆಯಾಗಿ ಬೇರ್ಪಡಿಸಿ, ಜೊತೆಗಾರರನ್ನು ಹುಡುಕಿತು. 1997ರ ಸೆಪ್ಟೆಂಬರಿನಲ್ಲಿ ವಾಹಿನಿ ಯುರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿ ಆರಂಭವಾಯಿತು. 1998ರ ಜುಲೈಯಲ್ಲಿ ಏಷ್ಯಾದಲ್ಲಿ ಅಮೆರಿಕದ ಎನ್‌ಬಿಸಿ ಜಾಲದ ವಾಹಿನಿಯಿದ್ದ ಜಾಗಕ್ಕೆ ಬಂತು. ಆ ವರ್ಷವೇ ಭಾರತದಲ್ಲೂ ಕಾಣಿಸಿಕೊಂಡು, ಮುಂದೆ ಸ್ಟಾರ್ ಬಳಗದ ಚಾನೆಲ್‌ಗಳ ಜೊತೆ ನಮ್ಮ ಮನೆಗಳಿಗೆ ಬರತೊಡಗಿತು. ವಿಚಿತ್ರವೆಂದರೆ ಅಮೆರಿಕದಲ್ಲೇ ಅದು ತಡವಾಗಿ, 2001ರ ಜನವರಿಯಲ್ಲಿ ಆರಂಭವಾಯಿತು. ಅಲ್ಲಿ ದೊಡ್ಡ ಪಾಲು ಮೊದಲಿನಿಂದಲೂ ಮರ್ಡೋಕ್ ಅವರ ಫಾಕ್ಸ್ ಎಂಬ ಮಾಧ್ಯಮ ಕಂಪನಿಯ ಕೈಯಲ್ಲಿತ್ತು.

ಆದ್ದರಿಂದ 2015ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್ ಮರ್ಡೋಕ್ ಪಾಲಾಯಿತು’ ಎಂಬ ಸುದ್ದಿ ಬಂದಾಗ ನಿಜಕ್ಕೂ ಕೈ ಬದಲಾದದ್ದು ಬೇರೆಯೇ. ಆ ಸೆಪ್ಟೆಂಬರಿನಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ ನ್ಯಾಷನಲ್ ಜಿಯಾಗ್ರಫಿಕ್ ಪಾರ್ಟ್‌ನರ್ಸ್ ಎಂಬ ಹೊಸ ಕಂಪನಿ ಹುಟ್ಟಿತು. ಅದರಲ್ಲಿ ಫಾಕ್ಸ್‌ಗೆ ಶೇ. 73, ಸೊಸೈಟಿಗೆ ಶೇ. 27. ವಾಹಿನಿಗಳಷ್ಟೇ ಅಲ್ಲದೆ ಅದುವರೆಗೆ ಸೊಸೈಟಿಯೇ ನಡೆಸುತ್ತಿದ್ದ ಪತ್ರಿಕೆ, ಪುಸ್ತಕ ಪ್ರಕಾಶನ, ನಕ್ಷೆಗಳು, ಪ್ರವಾಸ ವಿಭಾಗ ಎಲ್ಲವೂ ಈ ಕಂಪನಿಗೆ ಸೇರಿದವು. ಸೊಸೈಟಿಗೆ ಸಿಕ್ಕಿದ್ದು 72.5 ಕೋಟಿ ಡಾಲರ್. ಅದರ ಮೂಲನಿಧಿ 100 ಕೋಟಿ ಡಾಲರಿನ ಹತ್ತಿರಕ್ಕೆ ಏರಿತು. ಅನುದಾನ, ಸಂಶೋಧನೆ, ಶಿಕ್ಷಣ ಇವಿಷ್ಟು ಸೊಸೈಟಿಯ ಬಳಿ ಉಳಿದವು. ಕೆಲವೇ ವಾರಗಳಲ್ಲಿ ಸುಮಾರು 180 ಮಂದಿಯ ಉದ್ಯೋಗ ಹೋಯಿತು.

ಮಾರಿದ್ದು ತಪ್ಪೇ? ಪತ್ರಿಕೆಯೊಂದನ್ನು ನಡೆಸುವವನಾಗಿ ನನಗೆ ಇದರಲ್ಲಿ ತೀರ್ಪು ಕೊಡುವ ಉತ್ಸಾಹ ಕಡಿಮೆ. ಕೋಟಿ ದಾಟಿದ್ದ ಪ್ರಸಾರ ಆ ವೇಳೆಗೆ ಅಮೆರಿಕದಲ್ಲಿ 40 ಲಕ್ಷಕ್ಕೂ ಕೆಳಗಿಳಿದಿತ್ತು. ಚಂದಾ ಹಣವನ್ನೇ ನಂಬಿ ಅನುದಾನ ಕೊಡುತ್ತಿದ್ದ ಸಂಸ್ಥೆ ಪತ್ರಿಕೆಯೊಂದಿಗೆ ತಾನೂ ಮುಳುಗುವುದಕ್ಕಿಂತ ನಿಧಿಯನ್ನು ಭದ್ರಮಾಡಿಕೊಂಡು ಪತ್ರಿಕೆಯನ್ನು ಬಿಟ್ಟುಕೊಟ್ಟಿತು. ನನ್ನ ತಕರಾರಿರುವುದು ಚೌಕಟ್ಟಿನ ಬಗ್ಗೆ. ಕಾರ್ಯಕ್ರಮ ಮುಗಿದ ಮೇಲೆ ಪರದೆಯ ಕೆಳಗೆ ಬಂದು ಹೋಗುವ ಚಿಕ್ಕ ಅಕ್ಷರಗಳ ಸಾಲಿನಲ್ಲಿ ಹಕ್ಕುಸ್ವಾಮ್ಯ ಕಂಪನಿಯದೆಂದು ಇರುತ್ತದೆ. ಅದೇ ಕಂಪನಿಯ ಜಾಲತಾಣದ ತಳದಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಎಂಬ ಹೆಸರೂ ಹಳದಿ ಚೌಕಟ್ಟಿನ ವಿನ್ಯಾಸವೂ ಸೊಸೈಟಿಯ ವ್ಯಾಪಾರ ಚಿಹ್ನೆಗಳು, ಅವನ್ನು ಪರವಾನಗಿಯ ಮೇಲೆ ಬಳಸಲಾಗುತ್ತಿದೆ ಎಂದು ಬರೆದಿರುತ್ತದೆ. ಸೊಸೈಟಿ ಕಟ್ಟನ್ನು ತನ್ನ ಬಳಿ ಇಟ್ಟುಕೊಂಡು ಒಳಗಿನ ಪಟವನ್ನು ಮಾರಿದೆ. ನೋಡುಗ ಮಾತ್ರ ಕಟ್ಟನ್ನು ನೋಡಿ ಪಟವನ್ನು ನಂಬುತ್ತಾನೆ. ಶತಮಾನಕ್ಕೂ ಮಿಕ್ಕಿ ಕೂಡಿಟ್ಟ ವಿಶ್ವಾಸ ಹೀಗೆ ಬಾಡಿಗೆಗೆ ಹೋಗಿದೆ. ಕಾನೂನಿನ ದೃಷ್ಟಿಯಿಂದ ಎಲ್ಲವೂ ಬಹಿರಂಗವಾಗಿದ್ದರೂ, ಪ್ರೌಢಶಾಲೆಯ ಮೇಷ್ಟರೊಬ್ಬರು ಇಂದಿಗೂ ಅದನ್ನು ಸಂಘದ ವಾಹಿನಿ ಎಂದುಕೊಂಡಿದ್ದರೆ ತಪ್ಪು ಮೇಷ್ಟರದ್ದಲ್ಲ.

ಇನ್ನು ನಿಮ್ಮ ಮೊಮ್ಮಗನ ಮಾತು. 2019ರ ಮಾರ್ಚ್ 20ರಂದು ಡಿಸ್ನಿ ಸುಮಾರು 7,130 ಕೋಟಿ ಡಾಲರ್ ಕೊಟ್ಟು ಫಾಕ್ಸ್ ಕಂಪನಿಯ ಬಹುಭಾಗವನ್ನು ಕೊಂಡಾಗ ಆ ಶೇ. 73ರ ಪಾಲೂ ಅದರ ಜೊತೆಗೆ ಹೋಯಿತು. ಸೊಸೈಟಿಯ ಶೇ. 27 ಹಾಗೆಯೇ ಉಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಡಿಸ್ನಿ ತನ್ನ ಆನ್‌ಲೈನ್ ಸೇವೆಯನ್ನು ಆರಂಭಿಸಿದಾಗ ಮಾರ್ವೆಲ್, ಸ್ಟಾರ್ ವಾರ್ಸ್, ಪಿಕ್ಸಾರ್‌ಗಳ ಸಾಲಿನಲ್ಲಿ ಹಳದಿ ಚೌಕಟ್ಟೂ ಒಂದು ಗುಂಡಿಯಾಗಿ ಕುಳಿತಿತು. ಬೆಲ್ ಮತ್ತು ಗ್ರೋವ್ನರ್ ಅವರ ಪಕ್ಕದಲ್ಲಿ ಐರನ್ ಮ್ಯಾನ್! ಪತ್ರಿಕೆಯಂತೂ 2023ರಲ್ಲಿ ಕೊನೆಯ ಸಿಬ್ಬಂದಿ ಬರಹಗಾರರನ್ನೂ ಮನೆಗೆ ಕಳುಹಿಸಿ, ಹೊರಗಿನವರಿಂದ ಬರೆಸಿಕೊಳ್ಳುತ್ತಿದೆ.

ಕೇಬಲ್ ಹುಡುಗನೂ ಸುಳ್ಳು ಹೇಳಿಲ್ಲ. ಫಾಕ್ಸ್ ಜೊತೆಗೆ ಡಿಸ್ನಿಯ ಕೈಗೆ ಬಂದಿದ್ದ ಸ್ಟಾರ್ ಇಂಡಿಯಾ 2024ರ ನವೆಂಬರ್ 14ರಂದು ರಿಲಯನ್ಸ್ ಬಳಗದ ವಯಾಕಾಂ18ರ ಮಾಧ್ಯಮ ವ್ಯವಹಾರದೊಂದಿಗೆ ಒಂದಾಯಿತು. ಜಿಯೋಸ್ಟಾರ್ ಎಂಬ ಆ ಜಂಟಿ ಸಂಸ್ಥೆಯಲ್ಲಿ ರಿಲಯನ್ಸ್‌ಗೆ ನೇರವಾಗಿ ಶೇ. 16.34, ವಯಾಕಾಂ18ಕ್ಕೆ ಶೇ. 46.82, ಡಿಸ್ನಿಗೆ ಶೇ. 36.84 ಪಾಲಿದೆ, ಹಿಡಿತ ರಿಲಯನ್ಸ್‌ನದು. ಭಾರತದಲ್ಲಿ ಈ ವಾಹಿನಿ ಈಗ ಆ ಸಂಸ್ಥೆಯ ಪಟ್ಟಿಯಲ್ಲಿದೆ. ಆದರೆ ಹೆಸರಾಗಲಿ, ಜಾಗತಿಕ ಕಂಪನಿಯಾಗಲಿ ರಿಲಯನ್ಸ್‌ಗೆ ಹೋಗಿಲ್ಲ.

ನಂಬಿಕೆಯ ಪ್ರಶ್ನೆಗೆ ಬರೋಣ. ಒಡೆಯರ ಅಭಿಪ್ರಾಯ ಪರದೆಯ ಮೇಲೆ ಇಳಿಯುತ್ತದೆಂದು 2015ರಲ್ಲಿ ಬಹಳ ಮಂದಿ ಹೆದರಿದ್ದರು. ಹವಾಮಾನ ಬದಲಾವಣೆಯ ಬಗ್ಗೆ ಮರ್ಡೋಕ್ ಸಂದೇಹ ವ್ಯಕ್ತಪಡಿಸುತ್ತ ಬಂದವರು. ಆದರೆ ಮರುವರ್ಷವೇ, ಹವಾಮಾನ ಬಿಕ್ಕಟ್ಟಿನ ಬಗ್ಗೆ ನಟ ಲಿಯೊನಾರ್ಡೊ ಡಿಕಾಪ್ರಿಯೊ ನಿರೂಪಿಸಿದ ‘ಬಿಫೋರ್ ದ ಫ್ಲಡ್’ ಚಿತ್ರವನ್ನು ಅದೇ ವಾಹಿನಿ ಜಗತ್ತಿಗೆಲ್ಲ ತೋರಿಸಿತು. ಅದೇ ವಾಹಿನಿ, ಪತ್ರಿಕೆ ಇನ್ನೂ ಸೊಸೈಟಿಯ ಬಳಿಯೇ ಇದ್ದ 2012ರಲ್ಲಿ, ಪ್ರಳಯಕ್ಕೆ ಸಿದ್ಧರಾಗಿ ನೆಲಮಾಳಿಗೆಯಲ್ಲಿ ದಿನಸಿ ತುಂಬಿಸುವ ಕುಟುಂಬಗಳ ರಿಯಾಲಿಟಿ ಸರಣಿಯನ್ನು ಶುರುಮಾಡಿ ಒಳ್ಳೆಯ ಟಿಆರ್‌ಪಿ ಗಳಿಸಿತ್ತು. ಡಿಸ್ಕವರಿ 2013ರಲ್ಲಿ ಎಂದೋ ಅಳಿದುಹೋದ ದೈತ್ಯ ಶಾರ್ಕ್ ಇನ್ನೂ ಬದುಕಿರಬಹುದೆಂದು ನಟರನ್ನು ವಿಜ್ಞಾನಿಗಳಂತೆ ಕೂರಿಸಿ ತೋರಿಸಿತು. ಇವೆರಡರ ಹಿಂದೆಯೂ ಒಡೆಯರ ಸಿದ್ಧಾಂತವೇನೂ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ರಿಮೋಟ್ ಒತ್ತದಂತೆ ಜನರನ್ನು ಹಿಡಿದಿಡಬೇಕೆಂಬ ಒತ್ತಡವಿತ್ತು. ಆ ಒತ್ತಡ ಯಾರ ಪಾಲು ಎಷ್ಟು ಎಂಬುದರಿಂದ ಹುಟ್ಟುವುದಿಲ್ಲ, ಚಾನೆಲ್ ಯಾವುದರಿಂದ ಹೊಟ್ಟೆ ಹೊರೆಯುತ್ತದೆ ಎಂಬುದರಿಂದ ಹುಟ್ಟುತ್ತದೆ.

ಹಾಗಾಗಿ ವಾಹಿನಿಯನ್ನು ಇಡಿಯಾಗಿ ನಂಬುವ ಅಥವಾ ಬಿಡುವ ಬದಲು ಒಂದೊಂದು ಕಾರ್ಯಕ್ರಮವನ್ನೂ ಅದರ ತಯಾರಕರನ್ನು ನೋಡಿ ಅಳೆಯುವುದು ಒಳ್ಳೆಯದು. ನಮ್ಮಲ್ಲೇ ಉದಾಹರಣೆ ಇದೆ. 2020ರ ಜೂನ್ 5ರಂದು ಡಿಸ್ಕವರಿಯಲ್ಲಿ ಬಂದ ‘ವೈಲ್ಡ್ ಕರ್ನಾಟಕ’ವನ್ನು ಆ ವಾಹಿನಿ ತಯಾರಿಸಿದ್ದಲ್ಲ, ಬೆಂಗಳೂರಿನ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಮ್ಮ ಅರಣ್ಯ ಇಲಾಖೆಯ ಸಹಕಾರದೊಂದಿಗೆ ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರ ಅದು. ಡೇವಿಡ್ ಅಟೆನ್‌ಬರೊ ಧ್ವನಿ ಕೊಟ್ಟ ಆ ಚಿತ್ರ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಡಿಸ್ಕವರಿ ಅದಕ್ಕೆ ಪರದೆಯನ್ನಷ್ಟೇ ಒದಗಿಸಿತು, ಮತ್ತು ಅದು ಸಣ್ಣ ಉಪಕಾರವೇನಲ್ಲ.

ಪತ್ರದ ಅಂಚಿನಲ್ಲಿ ನೀವು ಸೇರಿಸಿರುವ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಊರಿನ ಶಾಲೆಗೆ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಚಂದಾ ಕಟ್ಟಿದರೆ ಆ ಹಣ ಸಂಶೋಧನೆಗೆ ಸಲ್ಲುತ್ತದೆಯೇ ಎಂದು ಕೇಳಿದ್ದೀರಿ. ಹಿಂದೆ ಸಲ್ಲುತ್ತಿತ್ತು. ಈಗ ಚಂದಾ ಹೋಗುವುದು ಡಿಸ್ನಿಯ ದೊಡ್ಡ ಪಾಲಿರುವ ಕಂಪನಿಗೆ. ಖರ್ಚು ಕಳೆದು ಲಾಭ ಉಳಿದರೆ ಅದರಲ್ಲಿ ಶೇ. 27 ಸೊಸೈಟಿಗೆ ಬರುತ್ತದೆ. ಸಂಶೋಧನೆಗೆ ನೆರವಾಗುವುದೇ ನಿಮ್ಮ ಉದ್ದೇಶವಾದರೆ ಅದಕ್ಕೆ ಚಂದಾ ನೇರವಾದ ದಾರಿಯಲ್ಲ. ಮಕ್ಕಳು ಒಳ್ಳೆಯ ಛಾಯಾಚಿತ್ರಗಳನ್ನು ಕೈಯಲ್ಲಿ ಹಿಡಿದು ನೋಡಲಿ ಎಂಬುದು ಉದ್ದೇಶವಾದರೆ ಕಟ್ಟಿ. ಆ ಮಟ್ಟಿಗೆ ಪತ್ರಿಕೆ ಇಂದಿಗೂ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ.

– ಸಂಪಾದಕ