ಚಿನ್ನಿಯನ್ನು ಬೇರೆ ಮನೆಗೆ ಕಳಿಸಿದರೆ ಮೋಸ ಮಾಡಿದ ಹಾಗಾಗುತ್ತಾ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಕಾಲು ಮುರಿದುಕೊಂಡು ಬೀದಿಯಲ್ಲಿ ಬಿದ್ದಿದ್ದ ಹೆಣ್ಣು ನಾಯಿಯೊಂದನ್ನು ಫಾಸ್ಟರ್ ಮಾಡಲು, ಅಂದರೆ ಕಾಯಂ ಮನೆ ಸಿಗುವ ತನಕ ಸಾಕಲು, ಮನೆಗೆ ತಂದೆ. ಚಿನ್ನಿ ಅಂತ ಹೆಸರಿಟ್ಟೆ. ಮೊದಲ ಐದು ದಿನ ಮಂಚದ ಕೆಳಗಿಂದ ಆಚೆ ಬರಲೇ ಇಲ್ಲ. ಪೊರಕೆ ಕಂಡರೆ ಈಗಲೂ ನಡುಗುತ್ತಾಳೆ. ಆದರೆ ನಾನು ಬಚ್ಚಲಿಗೆ ಹೋದರೂ ಬಾಗಿಲಲ್ಲೇ ಕಾಯುತ್ತಾಳೆ. ಮುಂದಿನ ವಾರ ದತ್ತು ತೆಗೆದುಕೊಳ್ಳುವವರು ಬರುತ್ತಾರೆ. ಒಳ್ಳೆಯ ಜನ. ಆದರೂ ನನಗೆ ನಿದ್ದೆ ಬರುತ್ತಿಲ್ಲ. ಇವಳೂ ನನ್ನನ್ನು ಬಿಟ್ಟುಬಿಟ್ಟಳು ಅಂತ ಚಿನ್ನಿ ಅಂದುಕೊಳ್ಳಲ್ವಾ? ನಮ್ಮ ಮನೆಯವರು ಇನ್ನು ಈ ಕೆಲಸವೇ ಬೇಡ ಅನ್ನುತ್ತಿದ್ದಾರೆ. ಇಟ್ಟುಕೊಂಡುಬಿಡಲೇ?

ಉತ್ತರ: ಮಂಚದ ಕೆಳಗಿದ್ದ ಚಿನ್ನಿ ಬಚ್ಚಲ ಬಾಗಿಲ ತನಕ ಬಂದಿದ್ದಾಳೆ. ಆ ದಾರಿಯನ್ನು ಅವಳ ಜೊತೆ ನಡೆದವರು ನೀವು. ಸಂಕಟ ಆಗದಿದ್ದರೇ ಆಶ್ಚರ್ಯ. ಇದು ಬರೀ ಮನಸ್ಸಿನ ಮಾತೂ ಅಲ್ಲ. ನಾಯಿ ಮತ್ತು ಅದನ್ನು ಸಾಕಿದವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ತಾಯಿ ಮತ್ತು ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನೂ ಇದೇ.

ಇನ್ನು ಚಿನ್ನಿಯ ವಿಷಯ. ಸುಳ್ಳು ಸಮಾಧಾನ ಹೇಳಲ್ಲ. ಅವಳು ನಿಮ್ಮನ್ನು ಹುಡುಕುತ್ತಾಳೆ. ಒಂದೆರಡು ದಿನ ಸರಿಯಾಗಿ ತಿನ್ನದೆ ಹೊಸ ಮನೆಯ ಬಾಗಿಲಲ್ಲೇ ಕೂರಬಹುದು. ಆದರೆ ಬೀದಿಯಲ್ಲಿ ಬಿದ್ದಿದ್ದಾಗ ಅವಳ ಪಕ್ಕ ಯಾರೂ ಇರಲಿಲ್ಲ. ಈ ಸಲ ಒಂದು ಕೈ ಬಿಡುವಷ್ಟರಲ್ಲಿ ಇನ್ನೊಂದು ಕೈ ಹಿಡಿದಿರುತ್ತದೆ. ರೆಸ್ಕ್ಯೂ ಮಾಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ. ಅಂದಾಜಿನ ಲೆಕ್ಕ ಅಷ್ಟೇ, ಎಲ್ಲ ನಾಯಿಗೂ ಹೊಂದಲ್ಲ. ಆದರೆ ಮನುಷ್ಯರನ್ನು ನಂಬಬಹುದು ಅಂತ ಚಿನ್ನಿ ನಿಮ್ಮ ಮನೆಯಲ್ಲಿ ಕಲಿತಿದ್ದಾಳೆ. ಅದನ್ನು ಇಲ್ಲೇ ಬಿಟ್ಟು ಹೋಗಲ್ಲ.

ಅವಳು ಮಲಗುವ ಬೆಡ್‌ಶೀಟನ್ನು ಒಗೆಯದೆ ಹಾಗೇ ಕಳಿಸಿ. ನಿಮ್ಮ ವಾಸನೆ ಅದರಲ್ಲಿರಲಿ. ಈಗ ತಿನ್ನುವ ಊಟವನ್ನೇ ಅವರೂ ಮುಂದುವರಿಸಲಿ, ಬದಲಿಸುವುದಿದ್ದರೆ ವಾರ ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಬದಲಿಸಲಿ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಮೊದಲ ಕೆಲವು ವಾರ ಹಗ್ಗವಿಲ್ಲದೆ ಹೊರಗೆ ಬಿಡಬಾರದು, ಗೇಟು ಬಾಗಿಲು ಭದ್ರವಾಗಿರಬೇಕು. ಹಳೇ ಮನೆ ಹುಡುಕಿಕೊಂಡು ಓಡಿಹೋಗುವ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಆ ದಿನಗಳಲ್ಲೇ. ನೀವೂ ಸ್ವಲ್ಪ ದಿನ ನೋಡಲು ಹೋಗಬೇಡಿ. ಫೋಟೋ ಕಳಿಸಿ ಅಂತ ಕೇಳಿ, ತಪ್ಪಿಲ್ಲ.

ನಾನು ಫಾಸ್ಟರ್ ಮಾಡಿದ ಮೊದಲ ನಾಯಿ ಹೋದ ದಿನ ಸಂಜೆ ಅದರ ಸ್ಟೀಲ್ ತಟ್ಟೆ ತೊಳೆದು ಬೋರಲು ಹಾಕಿದೆ. ಊಟದ ಹೊತ್ತಿಗೆ ಕೈ ತಾನಾಗಿ ಆ ತಟ್ಟೆಗೇ ಹೋಯಿತು. ಅಡುಗೆಮನೆಯಲ್ಲೇ ಕೂತು ಅತ್ತೆ. ಒಂದು ನಾಯಿಗೆ ಇಷ್ಟೊಂದಾ ಅಂದವರಿದ್ದರು. ಸುತ್ತಲಿನವರು ಲೆಕ್ಕಕ್ಕೇ ಹಿಡಿಯದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎಂಬ ತಜ್ಞರು 1989ರಲ್ಲೇ ಒಂದು ಹೆಸರು ಕೊಟ್ಟು ಬರೆದಿದ್ದಾರೆ. ಅವರು ಹೇಳಿದ ಮುಖ್ಯ ಮಾತು, ಹೇಳಿಕೊಳ್ಳಲು ಜಾಗವಿಲ್ಲದ ದುಃಖ ಇನ್ನೂ ಭಾರ. ಹಾಗಾಗಿ ಫಾಸ್ಟರ್ ಮಾಡುವ ಇನ್ನೊಬ್ಬರ ಹತ್ತಿರ ಮಾತಾಡಿ. ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಟ್ಟುಕೊಳ್ಳಲೇ ಅಂತ ಕೇಳಿದ್ದೀರಿ. ಹೀಗೆ ಉಳಿಸಿಕೊಂಡವರನ್ನು ಫಾಸ್ಟರ್ ಫೇಲ್ ಅನ್ನುವ ರೂಢಿ ಇದೆ. ಆ ಮಾತು ನನಗೆ ಹಿಡಿಸಲ್ಲ. ಒಂದು ನಾಯಿಗೆ ಮನೆ ಸಿಕ್ಕರೆ ಅದು ಸೋಲು ಹೇಗಾಗುತ್ತೆ? ಆದರೆ ಒಂದು ಯೋಚಿಸಿ. ಮುಂದಿನ ವಾರದ ಅಳು ತಪ್ಪಿಸಲು ಇಟ್ಟುಕೊಳ್ಳುತ್ತಿದ್ದೀರಾ, ಅಥವಾ ಮುಂದಿನ ಹತ್ತು ವರ್ಷ ಅವಳ ಜೊತೆ ಇರಬೇಕು ಅಂತಲಾ? ಎರಡನೆಯದಾದರೆ, ಮನೆಯವರೂ ಒಪ್ಪಿದರೆ, ದತ್ತು ತೆಗೆದುಕೊಳ್ಳುವವರಿಗೆ ಇವತ್ತೇ ಹೇಳಿಬಿಡಿ. ಅವರೂ ಅವಳಿಗಾಗಿ ಜಾಗ ಸಿದ್ಧ ಮಾಡುತ್ತಿರುತ್ತಾರೆ. ಮೊದಲನೆಯದಾದರೆ ಕಳಿಸಿ. ನಿಮ್ಮ ಪತ್ರ ಓದಿದರೆ ನನಗೆ ಮೊದಲನೆಯದೇ ಅನ್ನಿಸುತ್ತದೆ.

ಇನ್ನು ಈ ಕೆಲಸವೇ ಬೇಡ ಎಂಬ ತೀರ್ಮಾನ ಈಗಲೇ ಬೇಡ. ನಿಮ್ಮ ಮನೆಯವರನ್ನು ಒಮ್ಮೆ ಕೂರಿಸಿ ಕೇಳಿ. ನೀವು ಅಳುವುದನ್ನು ನೋಡಲಾಗದೆ ಹಾಗಂದಿರಬಹುದು. ಅವರಿಗೂ ಚಿನ್ನಿ ಹೋಗುವುದು ಕಷ್ಟವೇ ಇರಬಹುದು. ಖಾಲಿ ಜಾಗ ತುಂಬಿಸಲು ಮರುವಾರವೇ ಇನ್ನೊಂದನ್ನು ತರಬೇಡಿ. ಒಂದೆರಡು ತಿಂಗಳು ಸುಮ್ನೆ ಇರಿ.

ದತ್ತು ತೆಗೆದುಕೊಳ್ಳುವವರು ಬಂದ ದಿನ ಬೀಳ್ಕೊಡುಗೆ ಚಿಕ್ಕದಾಗಿರಲಿ. ನೀವು ಗಾಬರಿಯಾದರೆ ಅವಳಿಗೆ ಗೊತ್ತಾಗುತ್ತದೆ. ತಲೆ ಸವರಿ, ಹಗ್ಗ ಅವರ ಕೈಗೆ ಕೊಡಿ. ಪೊರಕೆಯ ವಿಷಯ ಹೇಳಲು ಮಾತ್ರ ಮರೆಯಬೇಡಿ.