ಹಳೆ ಇಂಗ್ಲಿಷ್ ಕ್ರಿಯಾವಿಶೇಷಣಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕಾ?

ವಿದರ್, ವೆನ್ಸ್, ಹಿದರ್ ಅಂತ ಒಂದು ಕಡೆ, ಈಗಿನ ಪದಗಳು ಇನ್ನೊಂದು ಕಡೆ, ಅಲ್ವಾ? ಅಂಥದ್ದೇ ಪಟ್ಟಿ ನನ್ನ ಹತ್ತಿರವೂ ಇತ್ತು. ಅದನ್ನು ನಂಬಿಯೇ ಒಂದು ಹವ್ಯಾಸಿ ನಾಟಕ ತಂಡಕ್ಕೆ ಶೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್' ಅನುವಾದ ಮಾಡಿಕೊಡಲು ಒಪ್ಪಿಕೊಂಡೆ.

ನಾಲ್ಕನೇ ಅಂಕದಲ್ಲಿ ಮಾಂತ್ರಿಕ ಪ್ರಾಸ್ಪೆರೊ ತನ್ನ ಸೇವೆಯಲ್ಲಿರುವ ಗಾಳಿಯ ಚೇತನ ಏರಿಯಲ್‌ಗೆ, ಹೋಗಿ ನಿನ್ನ ಗುಂಪನ್ನು ಕರೆದುಕೊಂಡು ಬಾ ಅನ್ನುತ್ತಾನೆ. ಏರಿಯಲ್ ಕೇಳುವುದು ಒಂದೇ ಪದ: 'ಪ್ರೆಸೆಂಟ್ಲಿ?' ನಾನು 'ಸ್ವಲ್ಪ ಹೊತ್ತು ಬಿಟ್ಟು ತರಲಾ?' ಅಂತ ಬರೆದೆ. ಪರಿಚಯದ ಪದ, ಹಾಗಾಗಿ ನಿಘಂಟು ತೆಗೆಯಲೇ ಇಲ್ಲ. ಈಗ ಅದಕ್ಕೆ 'ಸ್ವಲ್ಪ ಹೊತ್ತಿನಲ್ಲಿ' ಅಂತಲೋ 'ಸದ್ಯ' ಅಂತಲೋ ಅರ್ಥ. ಆ ಕಾಲದಲ್ಲಿ 'ಈಗಿಂದೀಗಲೇ'. ಪ್ರಾಸ್ಪೆರೊ ಉತ್ತರದಲ್ಲೇ ಅದು ಗೊತ್ತಾಗುತ್ತೆ: ಹೂಂ, ಕಣ್ಣು ಮಿಟುಕಿಸುವಷ್ಟರಲ್ಲಿ. ನಾನು ಬರೆದ ಪ್ರಶ್ನೆಗೆ ಈ ಉತ್ತರ ಹೊಂದಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ನಾನು ಉತ್ತರವನ್ನೇ ತಿದ್ದಿ 'ಬೇಡ, ಈಗಲೇ ತಾ' ಅಂತ ಮಾಡಿದೆ. 'ಬಾ, ಹೋಗು ಅನ್ನುವುದರೊಳಗೆ, ಎರಡು ಸಲ ಉಸಿರಾಡುವುದರೊಳಗೆ' ಅಂತ ಏರಿಯಲ್ ಮುಂದೆ ಹೇಳುವ ಮಾತಿಗೂ ಇದರಿಂದ ಬುಡವೇ ಇಲ್ಲದಂತಾಯಿತು. ತುದಿಗಾಲಲ್ಲಿ ನಿಂತಿದ್ದ ಏರಿಯಲ್ ನನ್ನ ಕೈಯಲ್ಲಿ ಕೆಲಸಗಳ್ಳನಾದ. ನಿರ್ದೇಶಕರು ಆ ದೃಶ್ಯ ಓದಿ, ಇಡೀ ನಾಟಕವನ್ನು ಬೇರೆಯವರಿಗೆ ಕೊಟ್ಟರು. ಅವರು ಮಾಡಿದ್ದು ಸರಿ.

ಅದಕ್ಕೇ ಹೇಳುತ್ತೇನೆ, ಪಟ್ಟಿ ಬಿಡಿ. ವಿಚಿತ್ರವಾಗಿ ಕಾಣುವ ಪದ ಮೋಸ ಮಾಡಲ್ಲ, ಕಂಡ ಕೂಡಲೇ ನಿಘಂಟು ತೆಗೆಯುತ್ತೀರಿ. ವಿದರ್ ಅಂದರೆ ಎಲ್ಲಿಗೆ, ವೆನ್ಸ್ ಅಂದರೆ ಎಲ್ಲಿಂದ. ಎಲ್ಲಿ, ಎಲ್ಲಿಗೆ, ಎಲ್ಲಿಂದ ಬೇರೆ ಬೇರೆ ಅಂತ ಕನ್ನಡದವರಿಗೆ ಯಾರೂ ಕಲಿಸಬೇಕಿಲ್ಲ. ವೇರ್‌ಫೋರ್ ಮಾತ್ರ ಎಲ್ಲಿ ಅನ್ನೋ ಹಾಗೆ ಕಾಣುತ್ತೆ, ಆದರೆ ಅದು ಯಾಕೆ. ಜೂಲಿಯೆಟ್ ಕೇಳುವುದು ನೀನು ಯಾಕೆ ರೋಮಿಯೋ ಆದೆ ಅಂತ.

ಹುಷಾರಾಗಿರಬೇಕಾದದ್ದು ದಿನಾ ಬಳಸುವ ಪದಗಳ ಹತ್ತಿರ. 'ಹ್ಯಾಮ್ಲೆಟ್'ನಲ್ಲಿ ರಾಜ ತನ್ನ ಮಂತ್ರಿ ಪೊಲೋನಿಯಸ್‌ಗೆ ನೀನು ಒಳ್ಳೆ ಸುದ್ದಿ ತರುವವನು ಅನ್ನುವಾಗ ಬರುವ 'ಸ್ಟಿಲ್' ಅಂದರೆ ಇನ್ನೂ ಅಲ್ಲ, ಯಾವಾಗಲೂ. 1611ರ ಕಿಂಗ್ ಜೇಮ್ಸ್ ಬೈಬಲ್‌ನ ಮಾರ್ಕನ ಸುವಾರ್ತೆಯಲ್ಲಿ ಹೆರೋದ್ಯಳ ಮಗಳು ಯೋಹಾನನ ತಲೆಯನ್ನು 'ಬೈ ಅಂಡ್ ಬೈ' ತಟ್ಟೆಯಲ್ಲಿಟ್ಟು ಕೊಡು ಅನ್ನುತ್ತಾಳೆ. ಇವತ್ತಿನವರು ಅದನ್ನು ಬರಬರುತ್ತಾ ಅಂತ ಓದುತ್ತಾರೆ, ಅವಳು ಕೇಳಿದ್ದು ತಕ್ಷಣವೇ. ನಮ್ಮ ನಿಮ್ಮ 'ಸೂನ್' ಕೂಡ ಸಾವಿರ ವರ್ಷದ ಹಿಂದೆ ತಕ್ಷಣ ಅಂತಲೇ ಇತ್ತು. ಈಗಲೇ ಅಂದು ತಡ ಮಾಡುವುದು ಎಲ್ಲ ಊರಿನ ಜನರ ಅಭ್ಯಾಸ. ಅಡುಗೆಮನೆಯಿಂದ 'ಬಂದೆ ಬಂದೆ' ಅನ್ನೋ ದನಿ ಬರುತ್ತೆ, ಜನ ಬರಲ್ಲ. ಹಾಗೇ ಪದಗಳೂ ಸಡಿಲವಾದವು.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಪ್ರತಿ ಅರ್ಥಕ್ಕೂ ಇಸವಿ ಹಾಕಿ ಉದಾಹರಣೆ ಕೊಟ್ಟಿರುತ್ತಾರೆ. ನೀವು ಓದುತ್ತಿರುವ ನಾಟಕದ ಕಾಲದಲ್ಲಿ ಯಾವ ಅರ್ಥ ಓಡಾಡುತ್ತಿತ್ತು ಅಂತ ಅಲ್ಲಿ ನೋಡಿ. ಮುಂದಿನ ಮಾತು ಅದಕ್ಕೆ ಹೊಂದದಿದ್ದರೆ ಮುಂದಿನ ಮಾತನ್ನು ಮುಟ್ಟಬೇಡಿ.